ಒಂದೇ ಕೇಂದ್ರ ಇಟ್ಟುಕೊಂಡು ಮಂಗಳ ಕಂಪನದ ದಿಕ್ಕು ಹಿಡಿದದ್ದು: ನನ್ನ ಅನುಭವ

ಮೂರು ಕಂಪನಮಾಪಕ ಕೇಂದ್ರವಿಲ್ಲದೆ ಕಂಪನದ ಜಾಗ ಸಿಗುವುದಿಲ್ಲ, ತೋಟದ ಮನೆಯಲ್ಲಿ ಕೂತು ಆಗುವ ಕೆಲಸವಲ್ಲ ಎಂದವರೇ ಹೆಚ್ಚು. ಆದರೆ ಆಯಿತು. ಸೋಮವಾರಪೇಟೆ ಕಡೆಯ ಈ ಮನೆಯಿಂದಲೇ, ಮಂಗಳನ ನೆಲದಲ್ಲಿ ಕಂಪನಮಾಪಕ ಇಟ್ಟಿದ್ದ ನಾಸಾದ ಇನ್‌ಸೈಟ್ ನೌಕೆಯ ದತ್ತಾಂಶ ಇಳಿಸಿಕೊಂಡು, 2019ರ ಜುಲೈ 26ರ ಎಸ್0235ಬಿ ಕಂಪನವನ್ನು ಲೆಕ್ಕ ಹಾಕಿದೆ. ಮೊದಲು ಬರುವ ಪಿ ಅಲೆಗೂ ಆಮೇಲಿನ ಎಸ್ ಅಲೆಗೂ ನಡುವಿನ ಸಮಯದಿಂದ ದೂರ, ಪಿ ನೆಲವನ್ನು ಅಲುಗಿಸುವ ರೀತಿಯಿಂದ ದಿಕ್ಕು. ಪಿ–ಎಸ್ ಅಂತರ ಸುಮಾರು 165 ಸೆಕೆಂಡು, ದಿಕ್ಕು ಉತ್ತರದಿಂದ ಪೂರ್ವಕ್ಕೆ 70–80 ಡಿಗ್ರಿ ಬಂತು. ನೇರ ಸೆರ್ಬರಸ್ ಫೋಸೆ ಎಂಬ ಮಂಗಳನ ಬಿರುಕುಗಳ ಕಡೆಗೆ!

ಮೊದಲ ಮೂರು ವಾರ ಹಾಳಾದದ್ದು ಅಕ್ಷಗಳಿಂದ. ಕಂಪನಮಾಪಕದ ಯು, ವಿ, ಡಬ್ಲ್ಯು ಎಂಬ ಮೂರು ಅಕ್ಷಗಳೂ ಓರೆಯಾಗಿ ಕೂತಿವೆ. ಅವನ್ನೇ ಲಂಬ–ಉತ್ತರ–ಪೂರ್ವ ಎಂದುಕೊಂಡರೆ ದಿಕ್ಕು ಎಲ್ಲೆಲ್ಲೋ ಹೋಗುತ್ತದೆ. ಮೊದಲು ಉಪಕರಣದ ಪ್ರತಿಕ್ರಿಯೆಯನ್ನು, ಅಂದರೆ ಅಲೆಗೆ ಅದು ಸೇರಿಸುವ ತನ್ನದೇ ಬದಲಾವಣೆಯನ್ನು ಕಳೆಯಿರಿ, ಆಮೇಲೆ ದತ್ತಾಂಶದ ಜೊತೆ ಬರುವ ಮೆಟಾಡೇಟಾದ ಕೋನಗಳನ್ನೇ ಹಾಕಿ ತಿರುಗಿಸಿ. ಫಿಲ್ಟರ್ 0.3ರಿಂದ 0.9 ಹರ್ಟ್ಜ್. ಒಂದು ಹರ್ಟ್ಜ್‌ನಲ್ಲಿ ಉಪಕರಣದ್ದೇ ಟಿಕ್ ಇದೆ, 2.4ರಲ್ಲಿ ಅನುರಣನ, ಎರಡನ್ನೂ ಹತ್ತಿರ ಬಿಟ್ಟುಕೊಳ್ಳಬೇಡಿ. ಗಾಳಿ ಇರುವ ಹಗಲಿನ ದಾಖಲೆ ಮುಟ್ಟಲೇಬೇಡಿ, ಮಂಗಳನ ಸಂಜೆಯದೇ ಶುದ್ಧ.

ಎರಡನೇ ಪೆಟ್ಟು ಗ್ಲಿಚ್‌ನದು, ಅಂದರೆ ಉಪಕರಣದ್ದೇ ಹುಸಿ ಜಿಗಿತದ್ದು. 2019ರ ಮೇ 23ರ ಎಸ್0173ಎ ಕಂಪನದಲ್ಲಿ ಪಿ ಬಂದ ಸ್ವಲ್ಪ ಹೊತ್ತಿಗೇ ದೊಡ್ಡ ಗ್ಲಿಚ್ ಇದೆ. ಅಳೆಯುವ ಸಮಯದ ಕಿಟಕಿ ಉದ್ದ ಮಾಡಿದರೆ ನೀವು ಅಳೆಯುವುದು ಗ್ಲಿಚ್‌ನ ದಿಕ್ಕು. ಪಿಯ ಮೊದಲ ಕೆಲವು ಸೆಕೆಂಡು ಸಾಕು. ಮೂಲ ಈ ಕಡೆಯೋ ನೇರ ಎದುರು ಕಡೆಯೋ ಎಂಬ 180 ಡಿಗ್ರಿ ಗೊಂದಲಕ್ಕೆ ಲಂಬದ ಚಲನೆ ನೋಡಿ: ನೆಲ ಮೇಲೆದ್ದಾಗ ಅಡ್ಡ ಚಲನೆ ಮೂಲದಿಂದ ಆಚೆಗೆ ಇರಬೇಕು. ಪಿಯ ಆರಂಭವನ್ನು ಎಲ್ಲಿ ಗುರುತಿಸುವುದು ಎಂಬುದಕ್ಕೆ ನನ್ನದೇ ಒಂದು ಉಪಾಯವಿದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಕೈ ಪಳಗಿದ್ದು ಮಾತ್ರ ಇಲ್ಲಿನ ನೆಲದಲ್ಲೇ. ನೆಲದ ಅದುರು ಹಿಡಿಯುವ 4.5 ಹರ್ಟ್ಜ್‌ನ ಮೂರು ಜಿಯೋಫೋನ್, ಅದನ್ನು ಅಂಕಿಯಾಗಿಸುವ 24 ಬಿಟ್ ಎಡಿಸಿ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಜಿಪಿಎಸ್: ನೆನಪಿದ್ದಂತೆ 28 ಸಾವಿರದ ಆಸುಪಾಸು. ಅದರಲ್ಲಿ ಆರು ಸಾವಿರ ನೀರುಪಾಲು, ಅಕ್ಷರಶಃ: ಜುಲೈ ಮಳೆಗೆ ಡಬ್ಬಿಯೊಳಗೆ ಕನೆಕ್ಟರ್ ಹಸಿರುಗಟ್ಟಿತು. ಮಣ್ಣಿನ ಮೇಲಿನ ಸಿಮೆಂಟ್ ಹಲಗೆ ನೆನೆದು ವಾಲುತ್ತಿತ್ತು; ಗಾಳಿಗೆ ಸಿಲ್ವರ್ ಓಕ್ ತೂಗಿದರೆ ಅಡ್ಡ ಚಾನೆಲ್ ಎರಡೂ ಕುಣಿಯುತ್ತಿದ್ದವು. ಹಾಸುಬಂಡೆಗೆ ಕಚ್ಚಿಸಿದ ಮೇಲೆ ಗದ್ದಲ ಅರ್ಧಕ್ಕಿಂತ ಕೆಳಗಿಳಿಯಿತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುವ ಗಂಟೆಗಳನ್ನು, ಹೂಮಳೆಗೆ ಮುಂಚಿನ ಸ್ಪ್ರಿಂಕ್ಲರ್ ಪಂಪಿನ ದಿನಗಳನ್ನು ಬಿಟ್ಟೇಬಿಟ್ಟೆ. ಕಲ್ಲುಕ್ವಾರಿಯ ಸ್ಫೋಟಗಳ ದಿಕ್ಕು ಮೊದಲೇ ಗೊತ್ತು, ಅವೇ ಪರೀಕ್ಷೆ. ಇಲ್ಲಿ ಸೆಕೆಂಡಿನ ಪಿ–ಎಸ್ ಅಂತರವನ್ನು ಎಂಟರಿಂದ ಗುಣಿಸಿದರೆ ದೂರ, ಕಿಲೋಮೀಟರ್‌ನಲ್ಲಿ. ದಿಕ್ಕು 10–15 ಡಿಗ್ರಿಯೊಳಗೆ ಸಿಗುತ್ತಿತ್ತು.

ಮಂಗಳನಲ್ಲೂ ಇಂಥದೇ ಒಂದು ಪರೀಕ್ಷೆ ಇದೆ. 2021ರ ಡಿಸೆಂಬರ್ 24ರ ಎಸ್1094ಬಿ ಕಂಪನ ಉಲ್ಕೆ ಬಿದ್ದು ಆದದ್ದು, ಅದರ ಸುಮಾರು 150 ಮೀಟರ್ ಕುಳಿಯನ್ನು ಕಕ್ಷೆಯಿಂದಲೇ ಕಂಡಿದ್ದಾರೆ. ನಿಮ್ಮ ಲೆಕ್ಕವನ್ನು ಮೊದಲು ಅದರ ಮೇಲೆ ಓಡಿಸಿ.

ಇದೇ ಕ್ರಮವನ್ನು ಅಪೊಲೊ ಯಾತ್ರೆಗಳು ಚಂದ್ರನ ಮೇಲೆ ಇಟ್ಟ ಕಂಪನಮಾಪಕಗಳ ದಾಖಲೆಗೂ ಹಾಕಿ ನೋಡಿದೆ. ಆಗಲಿಲ್ಲ. ಚಂದ್ರನ ಒಡೆದ ಮೇಲ್ಪದರದಲ್ಲಿ ಅಲೆ ಚದುರಿ ಚದುರಿ ಒಂದು ಗಂಟೆಯಾದರೂ ಅದುರುತ್ತಲೇ ಇರುತ್ತದೆ. ಪಿಗೆ ದಿಕ್ಕೇ ಉಳಿಯುವುದಿಲ್ಲ. ಅಲ್ಲಿ ನಾಲ್ಕು ಕೇಂದ್ರಗಳ ಸಮಯವನ್ನೇ ನಂಬಬೇಕು.