ಕಾರವಾರದಿಂದ ಶಿರಸಿಯವರೆಗೆ: ಹಲವು ಊರುಗಳ ಪ್ರವಾಸಕ್ಕೆ ಕಡಿಮೆ ಖರ್ಚಿನ ಬಾಡಿಗೆ ಕಾರು

ಉತ್ತರ ಕನ್ನಡದ ಪ್ರವಾಸಕ್ಕೆ ಕಾರು ಗೊತ್ತುಮಾಡುವವರು ಸಾಮಾನ್ಯವಾಗಿ ಮೊದಲು ಕೇಳುವುದು ಕಿಲೋಮೀಟರಿಗೆ ಎಷ್ಟು ಎಂದು. ಬೆಂಗಳೂರಿನಿಂದ ಒಂದೇ ದಿನದಲ್ಲಿ ದೂರದ ಊರಿಗೆ ಹೋಗಿಬರುವವರಿಗೆ ಆ ಪ್ರಶ್ನೆ ಸರಿ. ಈ ಜಿಲ್ಲೆಯಲ್ಲಿ ಊರಿಂದೂರಿಗೆ ದೂರ ಕಡಿಮೆ, ಘಟ್ಟದ ತಿರುವುಗಳಲ್ಲಿ ಹಿಡಿಯುವ ಹೊತ್ತು ಹೆಚ್ಚು. ಹಾಗಾಗಿ ಇಲ್ಲಿ ಕಿಲೋಮೀಟರಿನ ದರಕ್ಕಿಂತ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಹಣ ಕೊಡಬೇಕು ಎಂಬ ಷರತ್ತೇ ಒಟ್ಟು ಖರ್ಚನ್ನು ನಿರ್ಧರಿಸುತ್ತದೆ. ಈ ಒಂದು ಷರತ್ತನ್ನು ಅರ್ಥಮಾಡಿಕೊಂಡು ಮಾತು ಶುರುಮಾಡಿದವರು ಚೌಕಾಸಿಯನ್ನೇ ಮಾಡದೆ ಸಾಕಷ್ಟು ಹಣ ಉಳಿಸಬಹುದು.

ಒಂದು ಲೆಕ್ಕವನ್ನು ನೋಡೋಣ. ಕಾರವಾರದಿಂದ ಹೊರಟು ಅಂಕೋಲಾ, ಗೋಕರ್ಣ, ಕುಮಟಾ, ಹೊನ್ನಾವರದ ಮೂಲಕ ಮುರ್ಡೇಶ್ವರಕ್ಕೆ ಹೋಗಿ, ಹೊನ್ನಾವರಕ್ಕೆ ಮರಳಿ ಗೇರುಸೊಪ್ಪೆಯ ಘಟ್ಟ ಹತ್ತಿ, ಜೋಗ ನೋಡಿಕೊಂಡು ಸಿದ್ದಾಪುರದ ದಾರಿಯಾಗಿ ಶಿರಸಿ ಸೇರಿ, ಅಲ್ಲಿಂದ ಯಲ್ಲಾಪುರಕ್ಕೆ ಬಂದು ಅರಬೈಲು ಘಟ್ಟ ಇಳಿದು ಅಂಕೋಲೆಯ ಮೇಲೆ ಕಾರವಾರಕ್ಕೆ ಬಂದರೆ ಒಂದು ಸುತ್ತು ಪೂರ್ತಿಯಾಗುತ್ತದೆ. ಇದರ ಉದ್ದ ಸುಮಾರು 450 ಕಿಲೋಮೀಟರು. ನಡುವೆ ಯಾಣ, ಸಹಸ್ರಲಿಂಗ, ಬನವಾಸಿಗಳನ್ನು ಸೇರಿಸಿದರೂ 600 ದಾಟುವುದು ಕಡಿಮೆ. ಆತುರವಿಲ್ಲದೆ ನೋಡಲು ಇದಕ್ಕೆ ಐದು ದಿನ ಬೇಕು. ಹೊರಊರಿನ ಪ್ರವಾಸಕ್ಕೆ ಅನೇಕ ಟ್ಯಾಕ್ಸಿಯವರು ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರಿನ ಲೆಕ್ಕ ಹಿಡಿಯುತ್ತಾರೆ. 300ರ ಲೆಕ್ಕದಲ್ಲಿ ಐದು ದಿನಕ್ಕೆ 1500 ಕಿಲೋಮೀಟರಿನ ಹಣ ಕೊಡಬೇಕಾಗುತ್ತದೆ. ಉದಾಹರಣೆಗೆ ದರ 14 ರೂಪಾಯಿ ಎಂದು ಇಟ್ಟುಕೊಂಡರೆ ಮೊತ್ತ 21,000 ರೂಪಾಯಿ. ಕಾರು ನಿಜವಾಗಿ ಓಡಿದ್ದು 600 ಕಿಲೋಮೀಟರಾದ್ದರಿಂದ, 14 ಎಂದು ಒಪ್ಪಿಕೊಂಡ ದರ ಕೊನೆಗೆ 35 ರೂಪಾಯಿಯಾಗಿರುತ್ತದೆ.

ಇದರಲ್ಲಿ ಟ್ಯಾಕ್ಸಿಯವರ ತಪ್ಪೇನೂ ಇಲ್ಲ. ಕಾರು ಮತ್ತು ಚಾಲಕ ಇಡೀ ದಿನ ನಮಗಾಗಿ ನಿಂತಿರುವಾಗ ಅವರಿಗೂ ಒಂದು ಕನಿಷ್ಠ ಆದಾಯ ಬೇಕು. ಆದರೆ ಕಡಿಮೆ ಓಡಾಟದ ಪ್ರವಾಸಕ್ಕೆ ಬೇರೆ ಬಗೆಯ ಒಪ್ಪಂದಗಳಿವೆ, ಅವನ್ನು ನಾವೇ ಬಾಯಿಬಿಟ್ಟು ಕೇಳಬೇಕು. ಒಂದು, ದಿನದ ಬಾಡಿಗೆ ಇಷ್ಟು, ಇಂಧನ ನಮ್ಮದು ಎಂಬ ಒಪ್ಪಂದ. ದಿನಕ್ಕೆ 2,000 ರೂಪಾಯಿ ಎಂದು ಹಿಡಿದರೆ ಐದು ದಿನಕ್ಕೆ 10,000. ಲೀಟರಿಗೆ 15 ಕಿಲೋಮೀಟರು ಓಡುವ ಗಾಡಿಗೆ 600 ಕಿಲೋಮೀಟರಿಗೆ 40 ಲೀಟರು ಡೀಸೆಲ್ ಬೇಕು, ಲೀಟರಿಗೆ 90 ರೂಪಾಯಿಯಂತೆ 3,600. ಒಟ್ಟು 13,600. ಇಲ್ಲಿರುವ ದರಗಳು ಲೆಕ್ಕ ತೋರಿಸಲು ಹಿಡಿದವು. ನಿಮಗೆ ಹೇಳಿದ ದರಗಳನ್ನು ಇದೇ ರೀತಿ ಕಾಗದದ ಮೇಲೆ ಹಾಕಿ ಎರಡೂ ಮೊತ್ತಗಳನ್ನು ಹೋಲಿಸಬೇಕು. ಇನ್ನೊಂದು, 8 ಗಂಟೆ ಮತ್ತು 80 ಕಿಲೋಮೀಟರಿನ ಸ್ಥಳೀಯ ಪ್ಯಾಕೇಜು. ಶಿರಸಿಯಲ್ಲಿ ಉಳಿದುಕೊಂಡು ಒಂದು ದಿನ ಬನವಾಸಿ ಮತ್ತು ಸಹಸ್ರಲಿಂಗವನ್ನು ನೋಡುವವರಿಗೆ ಇದು ಹೆಚ್ಚುಕಡಿಮೆ ಹೊಂದುತ್ತದೆ.

ಕಾರು ಎಲ್ಲ ದಿನವೂ ಬೇಕೇ ಎಂಬುದನ್ನೂ ಯೋಚಿಸಬೇಕು. ನನ್ನ ಅಭಿಪ್ರಾಯದಲ್ಲಿ ಕರಾವಳಿಯ ಭಾಗಕ್ಕೆ ಬೇಡ. ಕೊಂಕಣ ರೈಲ್ವೆಯ ನಿಲ್ದಾಣಗಳು ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಮುರ್ಡೇಶ್ವರ, ಭಟ್ಕಳ ಎಂದು ಸಾಲಾಗಿವೆ. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಸರ್ಕಾರಿ ಬಸ್ಸುಗಳು ಓಡಾಡುತ್ತಿರುತ್ತವೆ, ಮಿರ್ಜಾನ ಕೋಟೆಯೂ ಹೆದ್ದಾರಿಯಿಂದ ನಡೆದುಹೋಗುವಷ್ಟೇ ದೂರದಲ್ಲಿದೆ. ಕಾರವಾರದ ನಿಲ್ದಾಣ ಶಿರವಾಡದಲ್ಲಿದೆ, ಗೋಕರ್ಣ ರೋಡ್ ನಿಲ್ದಾಣ ಗೋಕರ್ಣದಿಂದ ಹತ್ತು ಕಿಲೋಮೀಟರಿನಷ್ಟು ದೂರ; ಆದ್ದರಿಂದ ಆಟೊ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಗೋಕರ್ಣದ ದೇವಸ್ಥಾನದ ಸುತ್ತಲಿನ ಓಣಿಗಳಲ್ಲಿ ಕಾರಿನಿಂದ ಅನುಕೂಲಕ್ಕಿಂತ ತೊಂದರೆಯೇ ಹೆಚ್ಚು, ನಿಲ್ಲಿಸಿದ ಗಾಡಿಗೆ ದಿನದ ಬಾಡಿಗೆ ಮಾತ್ರ ಕಟ್ಟಬೇಕು. ಕಾರು ನಿಜವಾಗಿ ಬೇಕಾಗುವುದು ಘಟ್ಟದ ಮೇಲೆ. ಯಾಣ, ವಿಭೂತಿ ಜಲಪಾತ, ಯಲ್ಲಾಪುರದ ಕಡೆಯ ಮಾಗೋಡು ಮತ್ತು ಜೇನುಕಲ್ಲು ಗುಡ್ಡ ಇವೆಲ್ಲ ಬಸ್ಸಿನ ವೇಳೆಯನ್ನು ನಂಬಿ ಒಂದೇ ದಿನದಲ್ಲಿ ಮುಗಿಯುವ ಜಾಗಗಳಲ್ಲ. ಕರಾವಳಿಯನ್ನು ರೈಲು ಮತ್ತು ಬಸ್ಸಿನಲ್ಲಿ ಮುಗಿಸಿ, ಕುಮಟಾ ಅಥವಾ ಶಿರಸಿಯಿಂದ ಎರಡು ದಿನಕ್ಕೆ ಮಾತ್ರ ಕಾರು ಹಿಡಿದರೆ ಒಟ್ಟು ಖರ್ಚು ಅರ್ಧಕ್ಕಿಂತ ಕೆಳಗಿಳಿಯಬಹುದು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಈ ಲೆಕ್ಕ ಬದಲಾಗುತ್ತದೆ, ಆಗ ಹಣದ ಆಸೆಗೆ ಅವರನ್ನು ಬಸ್ಸು ನಿಲ್ದಾಣಗಳಲ್ಲಿ ಕಾಯಿಸುವುದು ಸರಿಯಲ್ಲ.

ಇದೇ ಕಾರಣಕ್ಕೆ ಬೆಂಗಳೂರಿನಿಂದಲೇ ಕಾರು ತರುವುದನ್ನು ನಾನು ಸೂಚಿಸುವುದಿಲ್ಲ. ಕಾರವಾರಕ್ಕೆ ಒಂದು ಕಡೆಗೇ 500 ಕಿಲೋಮೀಟರಿಗಿಂತ ಹೆಚ್ಚಾಗುತ್ತದೆ. ಬಾಡಿಗೆಯ ಎರಡು ದಿನಗಳು ಹೋಗುವುದರಲ್ಲಿ ಮತ್ತು ಬರುವುದರಲ್ಲಿಯೇ ಕಳೆಯುತ್ತವೆ. ಬೆಂಗಳೂರಿನಿಂದ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಕರಾವಳಿಗೆ ತಲುಪಿಸುತ್ತದೆ, ಅಲ್ಲಿಂದ ಸ್ಥಳೀಯ ಗಾಡಿ ಹಿಡಿಯಬಹುದು. ಊರಿನ ಚಾಲಕರಿಗೆ ರಸ್ತೆಯ ಇಂದಿನ ಸ್ಥಿತಿ ತಿಳಿದಿರುತ್ತದೆ ಎಂಬುದೂ ದೊಡ್ಡ ಲಾಭ. ಅಷ್ಟೇ ಅಲ್ಲ, ಗಾಡಿಯ ಕಿಲೋಮೀಟರನ್ನು ನಾವು ಹತ್ತಿದ ಜಾಗದಿಂದ ಎಣಿಸದೆ, ಮಾಲೀಕರ ಶೆಡ್ಡಿನಿಂದ ಹೊರಟು ಮರಳಿ ಶೆಡ್ಡಿಗೆ ಸೇರುವವರೆಗೆ ಎಣಿಸುವ ಪದ್ಧತಿ ಹಲವೆಡೆ ಇದೆ. ಹುಬ್ಬಳ್ಳಿಯ ಗಾಡಿಯನ್ನು ಶಿರಸಿಗೆ ಕರೆಸಿಕೊಂಡರೆ, ನೀವು ಹತ್ತುವ ಮುನ್ನವೇ ಸುಮಾರು 100 ಕಿಲೋಮೀಟರು ನಿಮ್ಮ ಹೆಸರಿಗೆ ಏರಿರುತ್ತದೆ. ಒಂದು ಊರಿನಲ್ಲಿ ಹತ್ತಿ ಇನ್ನೊಂದು ಊರಿನಲ್ಲಿ ಬಿಟ್ಟುಬಿಟ್ಟರೂ ಗಾಡಿ ಖಾಲಿ ಮರಳುವ ಹಣವನ್ನು ಕೊಡಲೇಬೇಕಾಗುತ್ತದೆ. ಮೇಲೆ ಹೇಳಿದಂತೆ ಸುತ್ತಿ ಹೊರಟಲ್ಲಿಗೇ ಬರುವ ದಾರಿಯನ್ನು ಆರಿಸಿದರೆ ಈ ಖರ್ಚು ಬರುವುದಿಲ್ಲ.

ಸ್ವತಃ ಓಡಿಸುವ ಬಾಡಿಗೆ ಕಾರುಗಳು ಕಾರವಾರ, ಶಿರಸಿಗಿಂತ ಹುಬ್ಬಳ್ಳಿ, ಮಂಗಳೂರು ಮತ್ತು ಗೋವಾದಲ್ಲಿ ಹೆಚ್ಚು ಸಿಗುತ್ತವೆ. ಇಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನಂಬರ್ ಪ್ಲೇಟು. ಸೆಲ್ಫ್ ಡ್ರೈವ್ ಬಾಡಿಗೆಗೆ ಪರವಾನಗಿ ಪಡೆದ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರಗಳಿರುತ್ತವೆ, ಚಾಲಕರಿರುವ ಟ್ಯಾಕ್ಸಿಗೆ ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರಗಳು. ವೈಟ್ ಬೋರ್ಡಿನ ಸ್ವಂತ ಕಾರನ್ನು ಕಡಿಮೆ ದರಕ್ಕೆ ಕೊಡುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 66ನೆಯ ಕಲಮಿನ ಪ್ರಕಾರ ಬಾಡಿಗೆಗೆ ಓಡುವ ವಾಹನಕ್ಕೆ ಪರ್ಮಿಟ್ ಇರಲೇಬೇಕು. ಅದಿಲ್ಲದ ಕಾರು ಅಪಘಾತಕ್ಕೆ ಸಿಕ್ಕಿದರೆ, ಖಾಸಗಿ ಬಳಕೆಗೆಂದು ಮಾಡಿಸಿದ ವಿಮೆಯ ಹಣವನ್ನು ಕಂಪನಿ ತಿರಸ್ಕರಿಸುವ ಅಪಾಯವಿದೆ. ದಿನಕ್ಕೆ ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಲಕ್ಷಗಟ್ಟಲೆ ಹೊಣೆಯನ್ನು ತಲೆಯ ಮೇಲೆ ಎಳೆದುಕೊಳ್ಳುವ ಕೆಲಸ ಇದು, ದಯವಿಟ್ಟು ಮಾಡಬೇಡಿ. ಕಾರಿನ ನಂಬರನ್ನು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ವಿಮೆ ಮತ್ತು ಎಫ್‌ಸಿ (ವಾಹನದ ಸುಸ್ಥಿತಿ ಪ್ರಮಾಣಪತ್ರ) ಅವಧಿ ಎಂದಿನವರೆಗಿದೆ ಎಂಬುದು ಕಾಣುತ್ತದೆ.

ಗೋವಾದಲ್ಲಿ ಕಾರು ಪಡೆದು ಮಾಜಾಳಿಯ ಮೂಲಕ ಕಾರವಾರಕ್ಕೆ ಬರುವ ಯೋಚನೆ ಹಲವರಿಗಿರುತ್ತದೆ, ಮಳೆಗಾಲದಲ್ಲಿ ಅಲ್ಲಿನ ದರ ಇಳಿದಿರುವುದರಿಂದ ಅದು ಒಳ್ಳೆಯ ಯೋಚನೆಯೂ ಹೌದು. ಆದರೆ ಕಾರನ್ನು ಗೋವಾದ ಹೊರಗೆ ಒಯ್ಯಲು ಪರ್ಮಿಟ್ ಮತ್ತು ಮಾಲೀಕರ ಒಪ್ಪಿಗೆ ಎರಡೂ ಇವೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಬಾಯಿಮಾತಿನ ಒಪ್ಪಿಗೆ ಗಡಿಯ ತಪಾಸಣೆಯಲ್ಲಿ ನೆರವಿಗೆ ಬರುವುದಿಲ್ಲ. ಗೋವಾದಲ್ಲಿ ಪೆಟ್ರೋಲ್ ದರ ಕರ್ನಾಟಕಕ್ಕಿಂತ ಕಡಿಮೆಯಿರುವುದರಿಂದ ಗಡಿ ದಾಟುವ ಮೊದಲು ಪೊಳೆಂನಲ್ಲಿ ಟ್ಯಾಂಕು ತುಂಬಿಸಿಕೊಳ್ಳುವುದು ಲಾಭ. ಮದ್ಯದ ಬಾಟಲಿಗಳನ್ನು ಮಾತ್ರ ತರಲೇಬಾರದು. ಮಾಜಾಳಿಯಲ್ಲಿ ಅಬಕಾರಿ ತಪಾಸಣೆಯಿದೆ, ಅಕ್ರಮ ಸಾಗಾಟವೆಂದು ವಾಹನವನ್ನು ಜಪ್ತಿ ಮಾಡಿದರೆ ಮಾಲೀಕರ ನಷ್ಟವನ್ನೂ ನೀವೇ ತುಂಬಿಕೊಡಬೇಕಾಗುತ್ತದೆ.

ಕಾರನ್ನು ಕೈಗೆ ಪಡೆಯುವ ಹದಿನೈದು ನಿಮಿಷಗಳಲ್ಲಿ ಅವಸರ ಮಾಡಬಾರದು. ಹಗಲು ಬೆಳಕಿನಲ್ಲಿಯೇ ಗಾಡಿ ಪಡೆಯಿರಿ. ಮೊಬೈಲಿನಲ್ಲಿ ನಿಲ್ಲಿಸದೆ ವಿಡಿಯೊ ಮಾಡುತ್ತ, ಮುಂದಿನ ಬಂಪರಿನಿಂದ ಶುರುಮಾಡಿ ಗಾಡಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬನ್ನಿ. ಬಂಪರಿನ ಕೆಳಅಂಚು, ನಾಲ್ಕೂ ಚಕ್ರಗಳ ರಿಮ್ಮು, ಬಾಗಿಲ ಅಂಚು, ಕನ್ನಡಿಯ ಹಿಂಬದಿ ಇವೇ ಆಮೇಲೆ ಜಗಳಕ್ಕೆ ಬರುವ ಜಾಗಗಳು. ಬಗ್ಗಿ ಅಡಿಭಾಗವನ್ನೂ ವಿಡಿಯೊದಲ್ಲಿ ಸೇರಿಸಿಕೊಳ್ಳಿ, ಏಕೆಂದರೆ ಘಟ್ಟದ ಒಳರಸ್ತೆಗಳಲ್ಲಿ ಕಲ್ಲು ತಾಗುವುದು ಸಾಮಾನ್ಯ, ಹಳೆಯ ಗೀರು ನಿಮ್ಮ ಲೆಕ್ಕಕ್ಕೆ ಬರಬಾರದು. ಡಿಕ್ಕಿ ತೆರೆದು ಸ್ಟೆಪ್ನಿಯನ್ನು ಒತ್ತಿ ಗಾಳಿಯಿದೆಯೇ ನೋಡಿ, ಜಾಕ್ ಮತ್ತು ಪಾನಾ ಇವೆಯೇ ಖಚಿತಪಡಿಸಿಕೊಳ್ಳಿ. ದೇವಿಮನೆಯಂಥ ಘಟ್ಟದ ನಡುವೆ ಟಯರು ಪಂಕ್ಚರಾದರೆ ಹತ್ತಿರದಲ್ಲಿ ಅಂಗಡಿ ಸಿಗುವುದಿಲ್ಲ, ಮೊಬೈಲ್ ಸಿಗ್ನಲ್ ಕೂಡ ಎಲ್ಲ ತಿರುವಿನಲ್ಲೂ ಇರುವುದಿಲ್ಲ. ಕೊನೆಯಲ್ಲಿ ಇಂಜಿನ್ ಚಾಲೂ ಮಾಡಿ ಕಿಲೋಮೀಟರಿನ ಅಂಕಿ ಮತ್ತು ಇಂಧನದ ಮುಳ್ಳು ಎರಡೂ ಕಾಣುವಂತೆ ಫೋಟೊ ತೆಗೆದು, ಮಾಲೀಕರ ವಾಟ್ಸ್ಆ್ಯಪಿಗೆ ಅಲ್ಲಿಯೇ ಕಳುಹಿಸಿ. ಚಾಲಕರಿರುವ ಗಾಡಿಯಾದರೆ ಟ್ರಿಪ್ ಶೀಟಿನಲ್ಲಿ ಬರೆದ ಆರಂಭದ ಅಂಕಿ ಮೀಟರಿಗೆ ಹೊಂದುತ್ತದೆಯೇ ಎಂದು ನೋಡಿ ಸಹಿ ಹಾಕಬೇಕು.

ಒಪ್ಪಂದದ ಕಾಗದದಲ್ಲಿ ಕಿಲೋಮೀಟರಿನ ಮಿತಿ, ಮಿತಿ ಮೀರಿದರೆ ದರ, ತಡವಾದರೆ ಗಂಟೆಗೆ ದಂಡ, ಜಿಎಸ್‌ಟಿ ಸೇರಿದೆಯೇ ಇಲ್ಲವೇ, ಡಿಪಾಸಿಟ್ ಎಷ್ಟು ಮತ್ತು ಎಷ್ಟು ದಿನದೊಳಗೆ ಮರಳುತ್ತದೆ ಎಂಬುವು ಇರಲಿ. ಹಾನಿಯಾದರೆ ನಿಮ್ಮ ಪಾಲಿನ ಗರಿಷ್ಠ ಹೊಣೆ ಎಷ್ಟು ಎಂಬುದನ್ನು ಬೇರೆಯಾಗಿಯೇ ಕೇಳಿ. ಮಿತಿಯಿಲ್ಲದ ಕಿಲೋಮೀಟರಿನ ಯೋಜನೆ ಆಕರ್ಷಕವಾಗಿ ಕಂಡರೂ ಈ ಸುತ್ತಿಗೆ ಅದರ ಅಗತ್ಯವಿಲ್ಲ, ಕಡಿಮೆ ಮಿತಿಯ ಅಗ್ಗದ ಯೋಜನೆಯೇ ಸಾಕು. ದೊಡ್ಡ ಗಾಡಿಯ ಅಗತ್ಯವೂ ಇಲ್ಲ. ನಾಲ್ವರಿಗೆ ಸಣ್ಣ ಹ್ಯಾಚ್‌ಬ್ಯಾಕ್ ಒಳರಸ್ತೆಗಳಲ್ಲಿ ಎದುರಿನ ಬಸ್ಸಿಗೆ ಜಾಗ ಕೊಡಲು ಅನುಕೂಲ, ಇಂಧನವೂ ಕಡಿಮೆ.

ಚಾಲಕರ ಬಾಟಾದಲ್ಲಿ ಮಾತ್ರ ಚೌಕಾಸಿ ಮಾಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಅದು ಅವರ ಊಟ ಮತ್ತು ಮಲಗುವ ಜಾಗದ ಹಣ. ಅದನ್ನು ಕಡಿತಗೊಳಿಸಿದರೆ ಅವರು ರಾತ್ರಿ ಸೀಟಿನಲ್ಲೇ ಮುದುಡಿ ಮಲಗಿ, ಮರುದಿನ ನಿದ್ದೆಗಣ್ಣಿನಲ್ಲಿ ಘಟ್ಟ ಇಳಿಸಬೇಕಾಗುತ್ತದೆ. ಹೋಂಸ್ಟೇ ಗೊತ್ತುಮಾಡುವಾಗಲೇ ಚಾಲಕರಿಗೆ ಹಾಸಿಗೆ, ಸ್ನಾನದ ವ್ಯವಸ್ಥೆ ಇದೆಯೇ ಎಂದು ಕೇಳಿ, ಶಿರಸಿ ಕಡೆಯ ಅನೇಕ ಮನೆಗಳಲ್ಲಿ ಅದಕ್ಕೆ ಹೆಚ್ಚಿನ ಹಣವನ್ನೂ ಕೇಳುವುದಿಲ್ಲ. ದಿನದ ಲೆಕ್ಕ ಮಧ್ಯರಾತ್ರಿಗೆ ಬದಲಾಗುತ್ತದೆಯೇ ಅಥವಾ ಹೊರಟ ಹೊತ್ತಿನಿಂದ 24 ಗಂಟೆಗೆ ಒಂದು ದಿನವೇ ಎಂಬುದನ್ನು ಮೊದಲೇ ಮಾತಾಡಿಕೊಂಡರೆ, ಕೊನೆಯ ದಿನ ರಾತ್ರಿ ಅವಸರದಿಂದ ಓಡಿಸುವ ಪ್ರಸಂಗ ಬರುವುದಿಲ್ಲ.

ಕಾಲವನ್ನು ನೋಡಿ ಹೊರಡುವುದರಲ್ಲಿಯೂ ಉಳಿತಾಯವಿದೆ. ಡಿಸೆಂಬರ್ ಕೊನೆಯ ವಾರ, ಗೋಕರ್ಣದ ಶಿವರಾತ್ರಿ, ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆ, ಉದ್ದನೆಯ ವಾರಾಂತ್ಯಗಳು ಇವುಗಳಲ್ಲಿ ಗಾಡಿ ಸಿಗುವುದೇ ಕಷ್ಟ. ಮಳೆಗಾಲದಲ್ಲಿ ದರ ಇಳಿಯುತ್ತದೆ, ಜಲಪಾತಗಳೂ ತುಂಬಿರುತ್ತವೆ, ಆದರೆ ರಸ್ತೆಯ ಭರವಸೆ ಇರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು, ಸಂಚಾರ ದಿನಗಟ್ಟಲೆ ನಿಂತಿತು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಹಿಂದಿನ ದಿನ ಜಿಲ್ಲಾಡಳಿತದ ಪ್ರಕಟಣೆಯನ್ನು ನೋಡಬೇಕು, ಜೋರು ಮಳೆಯಿದ್ದರೆ ಪ್ರವಾಸವನ್ನೇ ಮುಂದೂಡಬೇಕು. ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟ ಮುಚ್ಚಿದ್ದರೆ ಸಿದ್ದಾಪುರದ ದಾರಿಯಾಗಿ ದೊಡ್ಡಮನೆ ಘಟ್ಟ ಅಥವಾ ಯಲ್ಲಾಪುರದ ದಾರಿಯಾಗಿ ಅರಬೈಲು ಬಳಸಬೇಕಾಗಿ ಬಂದು ಕಿಲೋಮೀಟರು ಏರುತ್ತದೆ. ಆದ್ದರಿಂದ ಮುಂಗಡ ಕೊಡುವಾಗ, ರಸ್ತೆ ಮುಚ್ಚಿದರೆ ದಿನಾಂಕ ಬದಲಿಸಿಕೊಳ್ಳಲು ಅವಕಾಶವಿದೆಯೇ, ಮುಂಗಡ ಮರಳುತ್ತದೆಯೇ ಎಂದು ಕೇಳಿಯೇ ಹಣ ಕಳುಹಿಸಬೇಕು.

ಟೋಲ್ ಖರ್ಚು ಇಲ್ಲಿ ದೊಡ್ಡದಲ್ಲ. ಬೇಲೆಕೇರಿ ಮತ್ತು ಕುಮಟಾ ಬಳಿಯ ಹೊಳೆಗದ್ದೆಯಲ್ಲಿ ಟೋಲ್ ನಾಕೆಗಳಿವೆ. ಫಾಸ್ಟ್ಯಾಗ್‌ನಲ್ಲಿ ಹಣವಿಲ್ಲದಿದ್ದರೆ ಹೆಚ್ಚು ಕಟ್ಟಬೇಕಾಗುವುದರಿಂದ, ಹೊರಡುವ ಮೊದಲೇ ಟ್ಯಾಗಿನಲ್ಲಿ ಎಷ್ಟು ಹಣ ಉಳಿದಿದೆಯೆಂದು ಮಾಲೀಕರಿಂದ ತಿಳಿದುಕೊಳ್ಳಿ. 2025ರ ಆಗಸ್ಟ್‌ನಲ್ಲಿ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸು ಖಾಸಗಿ ವಾಹನಗಳಿಗೆ ಮಾತ್ರ, ಬಾಡಿಗೆ ಗಾಡಿಗೆ ಅನ್ವಯಿಸುವುದಿಲ್ಲ. ಗಾಡಿಯನ್ನು ಹಿಂದಿರುಗಿಸುವಾಗ ಮೊದಲಿನಂತೆಯೇ ಮಾಲೀಕರೆದುರು ಸುತ್ತು ಬಂದು ವಿಡಿಯೊ ಮಾಡಿ, ಮೀಟರು ಮತ್ತು ಇಂಧನದ ಫೋಟೊ ತೆಗೆದು, ಒಪ್ಪಿಸಿದ ದಿನಾಂಕ ಮತ್ತು ಸಮಯವನ್ನು ಸಹಿಯೊಂದಿಗೆ ಬರೆಸಿಕೊಳ್ಳಿ. ಸಂಚಾರ ದಂಡದ ಚಲನ್ ಕೆಲವೊಮ್ಮೆ ವಾರಗಳ ನಂತರ ಬರುತ್ತದೆ. ಆ ಹೊತ್ತಿನಲ್ಲಿ ಗಾಡಿ ನಿಮ್ಮ ಕೈಯಲ್ಲಿತ್ತೇ ಇಲ್ಲವೇ ಎಂಬುದಕ್ಕೆ ಆ ಚೀಟಿಯೇ ಆಧಾರವಾಗುವುದರಿಂದ, ಡಿಪಾಸಿಟ್ ಮರಳಿದ ಮೇಲೂ ಕೆಲವು ತಿಂಗಳು ಅದನ್ನು ತೆಗೆದಿಡಬೇಕು.