ಗೃಹಮಾತೆಯ ರಿಜಿಸ್ಟರ್: ಹೊಸದಾಗಿ ಸೇರಿದವರು ದಿನಚರಿ ಬರೆಯುವ ಬಗೆ

ಹೋದ ತಿಂಗಳು ನಮ್ಮ ಹೋಮ್‌ಗೆ, ಅಂದರೆ ಮನೆಯ ಆಸರೆ ಇಲ್ಲದ ಮಕ್ಕಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗಕ್ಕೆ, ಗೃಹಮಾತೆಯಾಗಿ ಸೇರಿದ ಹುಡುಗಿ ಎರಡನೇ ವಾರಕ್ಕೇ ಮುಖ ಸಪ್ಪೆ ಮಾಡಿಕೊಂಡು ಬಂದಳು. ಚನ್ನರಾಯಪಟ್ಟಣದಲ್ಲಿ ನೆಂಟರ ಮದುವೆ. ಊಟಕ್ಕೆ ಕೂತಾಗ ಪಕ್ಕದೆಲೆಯವರು "ಏನಮ್ಮ ಕೆಲಸ?" ಅಂದಿದ್ದಾರೆ. "ಮಕ್ಕಳ ಹೋಮ್‌ನಲ್ಲಿ" ಅಂದಿದ್ದಾಳೆ. "ಓ, ಆಯಾ ಕೆಲಸಾನಾ? ಬಿ.ಎ. ಓದಿದ್ದಾಳೆ ಅಂತಿದ್ರು?"

"ನಾನು ಏನು ಹೇಳ್ಬೇಕಿತ್ತು ಅಕ್ಕ?" ಅಂತ ಕೇಳಿದಳು.

ಆಯಾ ಕೆಲಸದಲ್ಲಿ ಕೀಳು ಏನೂ ಇಲ್ಲ. ಆದರೆ ನಮ್ಮದು ಅದಲ್ಲ. ಹಾಸನದ ಸುತ್ತಮುತ್ತ ಎರಡು ಹೋಮ್‌ಗಳಲ್ಲಿ ಹದಿನಾಲ್ಕು ವರ್ಷ ದುಡಿದ ಮೇಲೂ ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರ ನನ್ನ ಹತ್ತಿರ ಇಲ್ಲ. ಅವಳಿಗೆ ಕಪಾಟಿನಿಂದ ಇನ್ನೂರು ಪುಟದ ಖಾಲಿ ರಿಜಿಸ್ಟರ್ ಒಂದನ್ನು ತೆಗೆದು ಕೊಟ್ಟೆ. ಹೇಗೆ ಬರೆಯಬೇಕು ಅಂತ ಹೇಳಿಕೊಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಇದು ಯಾಕೆ ಬೇಕು ಅಂತ. ಡಾಕ್ಟರಿಗೆ, ವಕೀಲರಿಗೆ ಕೌನ್ಸಿಲ್ ಇದೆ, ನೋಂದಣಿ ನಂಬರ್ ಇದೆ. ಮಕ್ಕಳ ಹೋಮ್‌ನ ಗೃಹಮಾತೆಗೆ ಅಂಥದ್ದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಈ ಕೆಲಸ ಮಾಡುವವರು ಕಾನೂನಿನ ಪ್ರಕಾರ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅಮೆರಿಕ, ಕೆನಡಾ ಕಡೆಯವರು 1995ರಲ್ಲೇ ತಮ್ಮ ಕೆಲಸಕ್ಕೆ ಅಂತ ಒಂದು ನೀತಿ ಸಂಹಿತೆ ಬರೆದುಕೊಂಡರು. ನಮಗಿರುವುದು 2015ರ ಬಾಲ ನ್ಯಾಯ ಕಾಯ್ದೆ, ಅದರ ಮೇಲೆ ಬಂದ 2016ರ ಮಾದರಿ ನಿಯಮಗಳು. ಆ ನಿಯಮಗಳಲ್ಲಿ ಗೃಹಮಾತೆ, ಗೃಹಪಿತರ ಕೆಲಸ ಏನು ಅಂತ ಬೇರೆಯಾಗೇ ಹೇಳಿದ್ದಾರೆ. ಆ ಪುಟದ ಜೆರಾಕ್ಸ್ ಮಾಡಿಸಿ ರಿಜಿಸ್ಟರ್‌ನ ಮೊದಲ ಪುಟಕ್ಕೆ ಅಂಟಿಸಿ. ಯಾರಾದರೂ ನಿಮ್ಮನ್ನು ಮ್ಯಾನೇಜರ್ ಮನೆಯ ತರಕಾರಿ ತರಲು ಕಳಿಸಿದಾಗ ಉಪಯೋಗಕ್ಕೆ ಬರುತ್ತದೆ.

ರಿಜಿಸ್ಟರ್ ಗಟ್ಟಿ ಬೈಂಡಿನದೇ ಆಗಿರಲಿ. ಸ್ಪೈರಲ್ ಬೇಡ, ಬಿಡಿ ಹಾಳೆ ಬೇಡ. ಬರೆಯಲು ಶುರು ಮಾಡುವ ಮೊದಲೇ ಎಲ್ಲ ಪುಟಕ್ಕೂ ನಂಬರ್ ಹಾಕಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹಿಂದೆ ಇದ್ದ ಹೋಮ್‌ನಲ್ಲಿ ಒಂದು ವಾರ ಬಿಸಿನೀರಿನ ವ್ಯವಸ್ಥೆ ಕೆಟ್ಟಿತ್ತು. ಡಿಸೆಂಬರ್ ಚಳಿ, ಮಕ್ಕಳಿಗೆ ಸ್ನಾನ ಇಲ್ಲ. ಅದನ್ನು ಬರೆದಿದ್ದೆ. ತಪಾಸಣೆಗೆ ಬರುತ್ತಾರೆ ಅಂತ ಗೊತ್ತಾದ ದಿನ ಮೇಲಿನವರು "ಆ ಹಾಳೆ ಕಿತ್ತು ಕೊಡಿ" ಅಂದರು. ಕಿತ್ತು ಕೊಟ್ಟೆ. ಪುಟದ ನಂಬರ್ ಇದ್ದಿದ್ದರೆ ಅವರೂ ಕೇಳುತ್ತಿರಲಿಲ್ಲ, ನಾನೂ ಕೊಡುತ್ತಿರಲಿಲ್ಲ. ವೈಟ್ನರ್ ಕೂಡ ಬೇಡ. ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ ಮುಂದೆ ಬರೆಯಿರಿ.

ಯಾವಾಗ ಬರೆಯೋದು? ಮಕ್ಕಳು ಮಲಗಿದ ಮೇಲೆ, ನೀವು ಮಲಗುವ ಮುಂಚೆ. ಹತ್ತು ನಿಮಿಷ ಸಾಕು. ನಾಳೆ ಬರೆಯೋಣ ಅಂದರೆ ನೆನಪು ತನಗೆ ಬೇಕಾದ ಹಾಗೆ ಕಥೆ ಕಟ್ಟಿರುತ್ತದೆ.

ಏನು ಬರೆಯಬೇಕು ಅನ್ನೋದೇ ಇದರಲ್ಲಿ ಕಷ್ಟದ ಭಾಗ. ಒಂದು ಪ್ರಸಂಗ ಹೇಳುತ್ತೇನೆ.

ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿನಿಂದ ಇಳಿದು ಒಬ್ಬನೇ ಓಡಾಡುತ್ತಿದ್ದ ಹುಡುಗ. ಒಂಬತ್ತು ವರ್ಷ ಇರಬಹುದು. ಹಿಂದಿ ಬಿಟ್ಟರೆ ಬೇರೆ ಮಾತು ಬರದು. ಇಂಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಅದು ಕಾಯ್ದೆ. ಮಗು ಎಲ್ಲಿರಬೇಕು ಅಂತ ತೀರ್ಮಾನ ಮಾಡೋದು ಆ ಸಮಿತಿ. ಹಾಗೆ ಸಮಿತಿಯಿಂದ ನಮ್ಮಲ್ಲಿಗೆ ಬಂದ. ಮುದ್ದೆ ಕಂಡರೆ ಮುಖ ಕಿವುಚುತ್ತಿದ್ದ. ಎರಡನೇ ವಾರ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಎರಡು ಚಪಾತಿ ಸಿಕ್ಕಿತು, ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿದ್ದು.

ಆವತ್ತು ರಾತ್ರಿ ಪಾಳಿಯಲ್ಲಿದ್ದವರು ಬರೆದಿದ್ದು ಹೀಗೆ: "ಅಡುಗೆಮನೆಯಿಂದ ಚಪಾತಿ ಕದ್ದು ಬಚ್ಚಿಟ್ಟಿದ್ದ. ಬುದ್ಧಿ ಹೇಳಿದೆ." ಓದಿದವರಿಗೆ ಏನು ಗೊತ್ತಾಗುತ್ತೆ? ಹುಡುಗ ಕಳ್ಳ, ಗೃಹಮಾತೆ ಒಳ್ಳೆಯವಳು ಅಂತ. ಎರಡೂ ನಮಗೆ ಬೇಕಿಲ್ಲ. ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಹದಿನಾರು ತತ್ವಗಳಿವೆ. ಅದರಲ್ಲಿ ಒಂದು, ಮಗುವಿನ ವಿಷಯದಲ್ಲಿ ಆರೋಪ ಹೊರಿಸುವ, ಕಳಂಕ ಹಚ್ಚುವ ಮಾತು ಬಳಸಬಾರದು ಅಂತ. ಬಾಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತೆ. ರಿಜಿಸ್ಟರ್‌ನಲ್ಲಿ "ಕದ್ದ" ಅಂತ ಬರೆದರೆ ಅದು ಹುಡುಗನ ಬೆನ್ನಿಗೆ ಅಂಟಿಕೊಂಡು ಇನ್ನೊಂದು ಹೋಮ್‌ವರೆಗೂ ಹೋಗುತ್ತೆ.

ಮಾರನೆಯ ದಿನದಿಂದ ನಾನು ಕಣ್ಣಿಗೆ ಕಂಡಿದ್ದನ್ನಷ್ಟೇ ಬರೆದೆ. "ಶನಿವಾರ, ರಾತ್ರಿ 9.20. ದಿಂಬಿನ ಕೆಳಗೆ ಚಪಾತಿ 2. ಕೇಳಲಿಲ್ಲ, ತೆಗೆಯಲೂ ಇಲ್ಲ." "ಸೋಮವಾರ. ಏನೂ ಇಲ್ಲ." "ಬುಧವಾರ. ಇಲ್ಲ." "ಶನಿವಾರ. ಚಪಾತಿ 1, ಬಾಳೆಹಣ್ಣು 1." ಮೂರು ವಾರ ಆದ ಮೇಲೆ ಹಿಂದಿನ ಪುಟ ತಿರುವಿದರೆ ಎಲ್ಲವೂ ಶನಿವಾರವೇ! ಭಾನುವಾರ ನಮ್ಮಲ್ಲಿ ಏನಾಗುತ್ತೆ? ದಾನಿಗಳು ಊಟ ತರುತ್ತಾರೆ. ಅವರು ಬಂದು, ಕೇಕ್ ಕತ್ತರಿಸಿ, ಭಾಷಣ ಮುಗಿಯುವ ಹೊತ್ತಿಗೆ ಎರಡೂವರೆ. ಆ ಹುಡುಗ ಬಂದ ಮೊದಲ ಭಾನುವಾರ ಎರಡೂವರೆವರೆಗೆ ತಟ್ಟೆ ಹಿಡಿದು ಕೂತಿದ್ದ. ಊಟ ಬರುತ್ತೆ ಅಂತ ಅವನ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ.

ಈಗ ದಾನಿಗಳು ಬರಲಿ, ಬಿಡಲಿ, ಹನ್ನೆರಡೂವರೆಗೆ ಮಕ್ಕಳಿಗೆ ಅನ್ನ ಸಾರು ಬಡಿಸಿಬಿಡುತ್ತೇವೆ. ಪಾಯಸ ಆಮೇಲೆ ತಿಂದರಾಯಿತು. ನಾಲ್ಕನೇ ಶನಿವಾರ ದಿಂಬಿನ ಕೆಳಗೆ ಏನೂ ಇರಲಿಲ್ಲ.

ಹಾಗಾಗಿ ಗಂಟೆ ಬರೆಯಿರಿ, ವಾರ ಬರೆಯಿರಿ, ಎಷ್ಟು ಅಂತ ಬರೆಯಿರಿ. "ಹಠಮಾರಿ", "ಸುಳ್ಳು ಹೇಳುತ್ತಾನೆ", "ಒಳ್ಳೆಯ ಹುಡುಗಿ" ಇವನ್ನೆಲ್ಲ ಬಿಡಿ. ಹೊಗಳಿಕೆಯೂ ತೀರ್ಪೇ ಅಲ್ವಾ? ನಿಮಗೆ ಏನಾದರೂ ಅನಿಸಿದರೆ "ನನಗೆ ಅನಿಸಿದ್ದು" ಅಂತ ಬೇರೆ ಸಾಲಿನಲ್ಲಿ ಬರೆಯಿರಿ. ಮಗು ದೊಡ್ಡದಾಗಿ ಒಂದು ದಿನ ಇದನ್ನು ಓದಬಹುದು ಅನ್ನೋದು ತಲೆಯಲ್ಲಿರಲಿ.

ಪೂರ್ತಿ ಹೆಸರು ಬೇಡ. ಕೆಲವು ಕಡೆ ನಂಬರ್ ಬಳಸುತ್ತಾರೆ, ನನಗೆ ಜೈಲು ನೆನಪಾಗುತ್ತೆ. ನಾನು ಹೆಸರಿನ ಮೊದಲ ಅಕ್ಷರ, ಪಕ್ಕದಲ್ಲಿ ಸೇರಿದ ವರ್ಷ ಹಾಕುತ್ತೇನೆ. ರಿಜಿಸ್ಟರ್ ಬೀಗ ಹಾಕಿದ ಕಪಾಟಿನಲ್ಲಿರಬೇಕು. ಮನೆಗೆ ಒಯ್ಯಬೇಡಿ. ಪುಟದ ಫೋಟೋ ತೆಗೆದು ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹಾಕೋದಂತೂ ಬೇಡವೇ ಬೇಡ.

ಫೋಟೋ ಅಂದಾಗ ನನ್ನ ದೊಡ್ಡ ತಪ್ಪು ಹೇಳಲೇಬೇಕು. ಹಿಂದೆ ಇದ್ದದ್ದು ಹೆಣ್ಣುಮಕ್ಕಳ ಹೋಮ್. ಒಬ್ಬ ದಾನಿ ತಮ್ಮ ಮಗನ ಹುಟ್ಟುಹಬ್ಬಕ್ಕೆ ಬಂದು ಎಲ್ಲರಿಗೂ ಲಂಗ ಬ್ಲೌಸ್ ಕೊಟ್ಟರು. ಒಂದು ಫೋಟೋ ಅಂದರು. ಬೇಡ ಅನ್ನಲು ನನಗೆ ಸಂಕೋಚ. ನಾನೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ, ಗಿಡ್ಡ ಇರುವವರನ್ನು ಮುಂದೆ. ಫೋಟೋ ಫೇಸ್‌ಬುಕ್ಕಿಗೆ ಹೋಯಿತು, ಹಿಂದೆ ನಮ್ಮ ಬೋರ್ಡ್ ಕಾಣುತ್ತಿತ್ತು. ಹತ್ತು ದಿನಕ್ಕೆ ಒಂದು ಹುಡುಗಿಯ ಮಲತಂದೆ ಗೇಟಿನ ಹತ್ತಿರ ಬಂದು ನಿಂತ. ಅವನಿಂದ ತಪ್ಪಿಸಲೆಂದೇ ಆ ಮಗುವನ್ನು ನಮ್ಮಲ್ಲಿಟ್ಟಿದ್ದರು. ಆಮೇಲೆ ಅವಳನ್ನು ಬೇರೆ ಜಿಲ್ಲೆಗೆ ಕಳಿಸಬೇಕಾಯಿತು. ಹೊರಡುವಾಗ ಆ ಹೊಸ ಲಂಗವನ್ನು ಮಂಚದ ಮೇಲೇ ಬಿಟ್ಟು ಹೋದಳು.

ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಸಿಗುವಂಥ ಯಾವುದನ್ನೂ ಹೊರಗೆ ಬಿಡಬಾರದು. ಆರು ತಿಂಗಳವರೆಗೆ ಜೈಲು, ಇಲ್ಲ 2 ಲಕ್ಷದವರೆಗೆ ದಂಡ, ಇಲ್ಲ ಎರಡೂ. ಈಗ ದಾನಿಗಳಿಗೆ ನಾನು ಹೇಳೋದು ಇಷ್ಟೇ: "ಕೇಕ್‌ದು ತೆಗೀರಿ ಸಾರ್, ರಂಗೋಲಿದು ತೆಗೀರಿ, ಮಕ್ಕಳದ್ದು ಬೇಡ." ಕೆಲವರು ಮುನಿಸಿಕೊಂಡು ಹೋಗುತ್ತಾರೆ. ಹೋಗಲಿ. ಹೇಳಿದ್ದನ್ನೂ ರಿಜಿಸ್ಟರ್‌ನಲ್ಲಿ ಬರೆದಿಡುತ್ತೇನೆ, ನಾಳೆ ಮ್ಯಾನೇಜ್‌ಮೆಂಟ್‌ನವರು ಕೇಳಿದರೆ ತೋರಿಸಲು.

ಇನ್ನು ಗುಟ್ಟಿನ ವಿಷಯ. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ ಅಕ್ಕ" ಅಂತ ಮಗು ಕೈ ಹಿಡಿದುಕೊಳ್ಳುತ್ತೆ. ಆಣೆ ಮಾಡಬೇಡಿ. "ನಿನಗೆ ಯಾರಾದ್ರೂ ನೋವು ಮಾಡಿದ್ರೆ ನಾನು ಹೇಳಲೇಬೇಕಾಗುತ್ತೆ ಪುಟ್ಟಾ. ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ" ಅನ್ನಿ. ಲೈಂಗಿಕ ಕಿರುಕುಳದ ವಿಷಯ ಆದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ, ಇಲ್ಲ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸುವ ಹೊಣೆ ಗೊತ್ತಾದವರದ್ದು, ಅಂದರೆ ನಿಮ್ಮದು. "ಸೂಪರಿಂಟೆಂಡೆಂಟ್‌ಗೆ ಹೇಳಿದೀನಲ್ಲ" ಅಂದರೆ ಮುಗಿಯಲಿಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇಂಥ ದಿನ ರಿಜಿಸ್ಟರ್‌ನಲ್ಲಿ ಮಗು ಆಡಿದ ಮಾತನ್ನು ಮಗುವಿನ ಪದಗಳಲ್ಲೇ ಬರೆಯಿರಿ. ಮಗು "ಉಚ್ಚೆ ಹೊಯ್ಯೋ ಜಾಗ" ಅಂದರೆ ಹಾಗೇ ಬರೆಯಿರಿ, ತಿದ್ದಬೇಡಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ, ಮೊಬೈಲಲ್ಲಿ ರೆಕಾರ್ಡ್ ಮಾಡಬೇಡಿ. ಕೇಳುವ ಕೆಲಸ ಬೇರೆಯವರದ್ದಿದೆ.

ಹೊಡೆಯೋದರ ಬಗ್ಗೆ ಜಾಸ್ತಿ ಹೇಳಲ್ಲ. ಬಾಲ ನ್ಯಾಯ ಕಾಯ್ದೆಯ 82ನೇ ಸೆಕ್ಷನ್: ಮೊದಲ ಸಲ 10 ಸಾವಿರ ದಂಡ, ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಮೊದಲ ಸಲವೇ ಕೆಲಸವೂ ಹೋಗಬಹುದು. "ನಮ್ಮನ್ನ ನಮ್ಮಪ್ಪ ಹೊಡ್ದೇ ಬೆಳೆಸಿದ್ದು" ಅನ್ನುವವರು ಈ ಕೆಲಸಕ್ಕೆ ಬರೋದೇ ಬೇಡ.

ಆದರೆ ನಾಲಿಗೆಯೂ ಹೊಡೆಯುತ್ತೆ. ಒಂದು ಸಂಜೆ ಸುಸ್ತಾಗಿ, "ನಿಮ್ಮಮ್ಮನೇ ನಿನ್ನ ಬಿಟ್ಟೋದ್ಲು, ಇನ್ನು ನಾನ್ಯಾಕೆ ಸಹಿಸ್ಲಿ" ಅಂದುಬಿಟ್ಟೆ. ಹುಡುಗ ಅಳಲಿಲ್ಲ, ಸುಮ್ನೆ ಹೋಗಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದ. ಆ ರಾತ್ರಿ ಅದನ್ನೂ ಬರೆದೆ, ನಾನು ಅಂದ ಮಾತಿನ ಸಮೇತ. ಬೆಳಿಗ್ಗೆ ಅವನ ಮುಂದೆ ಕೂತು ಕ್ಷಮೆ ಕೇಳಿದ್ದನ್ನೂ ಬರೆದೆ. ನಿಮ್ಮ ತಪ್ಪು ಒಂದೂ ಇಲ್ಲದ ರಿಜಿಸ್ಟರನ್ನು ಓದಿದವರು ಉಳಿದದ್ದನ್ನೂ ನಂಬಲ್ಲ.

ಅಕ್ಕರೆಗೂ ಲೆಕ್ಕ ಬೇಕು. ದೀಪಾವಳಿ ಹೊತ್ತಿಗೆ ಹಾಸನಾಂಬ ಬಾಗಿಲು ತೆಗೆದಾಗ ಮುದ್ದಿನ ಒಂದು ಮಗುವನ್ನು ದರ್ಶನಕ್ಕೆ ಕರೆದೊಯ್ಯೋಣ ಅನಿಸುತ್ತೆ. ಒಂದು ವರ್ಷ ಹಾಗೇ ಹೊರಟಿದ್ದೆ. ಕಿಟಕಿಯಲ್ಲಿ ಹನ್ನೊಂದು ಮುಖ. ವಾಪಸ್ ಬಂದು ಚಪ್ಪಲಿ ಬಿಟ್ಟೆ. ಅದು ಮುಂದಿನ ವರ್ಷ ಎಲ್ಲರನ್ನೂ ಕರೆದೊಯ್ಯಲು ಮೂರು ತಿಂಗಳ ಮೊದಲೇ ಅರ್ಜಿ ಕೊಡೋದು ಕಲಿಸಿತು.

ಇಷ್ಟು ಬರೆದರೆ ಏನು ಸಿಗುತ್ತೆ? ಪ್ರತಿ ಮಗುವಿಗೂ ವೈಯಕ್ತಿಕ ಆರೈಕೆ ಯೋಜನೆ ಅಂತ ಮಾಡುತ್ತಾರೆ, ಐಸಿಪಿ ಅನ್ನುತ್ತೇವೆ. ಬಹಳ ಕಡೆ ಅದನ್ನು ಕಚೇರಿಯಲ್ಲಿ ಕೂತು ತುಂಬುತ್ತಾರೆ, ಎಲ್ಲ ಮಕ್ಕಳದ್ದೂ ಒಂದೇ ಥರ. ಅದನ್ನು ತುಂಬುವ ದಿನ ನೀವು ರಿಜಿಸ್ಟರ್ ಹಿಡಿದುಕೊಂಡು ಹೋಗಿ, ಕರೆಯದಿದ್ದರೂ ಹೋಗಿ. ಚಪಾತಿ ಹುಡುಗನ ಐಸಿಪಿ ಸಮಿತಿಯ ಮುಂದೆ ಹೋದಾಗ ಸದಸ್ಯರೊಬ್ಬರು ತಲೆ ಎತ್ತಿ "ಇದನ್ನು ಗಮನಿಸಿದ್ದು ಯಾರು?" ಅಂದರು. ಬಾಗಿಲ ಹತ್ತಿರ ನಿಂತಿದ್ದೆ. ಕುರ್ಚಿ ಹಾಕಿಸಿದರು. ಅಲ್ಲಿಯವರೆಗೆ ಎಂಟು ವರ್ಷ ಆ ಕೋಣೆಯಲ್ಲಿ ನಿಂತೇ ಇದ್ದೆ.

ಜೊತೆಗೆ ಒಂದೆರಡು ಕಾಗದ ನೀವೇ ಕೇಳಿ ಪಡೆಯಿರಿ. ನೇಮಕಾತಿ ಪತ್ರದಲ್ಲಿ "ಸಹಾಯಕಿ" ಅಂತಿದ್ದರೆ "ಗೃಹಮಾತೆ" ಅಂತ ತಿದ್ದಿಸಿ, ಗುರುತಿನ ಚೀಟಿಯಲ್ಲೂ ಅದೇ ಇರಲಿ. ಮಕ್ಕಳ ರಕ್ಷಣೆಯಲ್ಲಿ ಕೆಲಸ ಮಾಡುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಸಂವಾದ್‌ನವರು ತರಬೇತಿ ಕೊಡುತ್ತಾರೆ. ಅಂಥದ್ದಕ್ಕೆ ಹೋದರೆ ಪ್ರಮಾಣಪತ್ರದ ನಕಲನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಆಫೀಸಿನ ಫೈಲಿಗೆ ಕೊಟ್ಟು ಮರೆಯಬೇಡಿ. ಕೆಲಸ ಬಿಡುವಾಗ ಅನುಭವ ಪತ್ರ ಕೈಗೆ ಬರುವವರೆಗೆ ಕದಲಬೇಡಿ. ರಿಜಿಸ್ಟರ್ ಮಾತ್ರ ಹೋಮ್‌ನದ್ದು, ಅದು ಅಲ್ಲೇ ಇರುತ್ತೆ.

ಆ ಹುಡುಗಿ ಮೊದಲ ರಾತ್ರಿ ಬರೆದದ್ದನ್ನು ಬೆಳಿಗ್ಗೆ ತಂದು ತೋರಿಸಿದಳು. "ಸ. ಟಿವಿ ವಿಷಯಕ್ಕೆ ಗಲಾಟೆ ಮಾಡಿದ. ಸಮಾಧಾನ ಮಾಡಲಾಯಿತು." ನಾನು "ಗಲಾಟೆ" ಕೆಳಗೆ ಗೆರೆ ಎಳೆದು, ಎಷ್ಟೊತ್ತಿಗೆ, ಏನು ಮಾಡಿದ, ಅದಕ್ಕೆ ಮುಂಚೆ ಏನಾಗಿತ್ತು ಅಂತ ಕೇಳಿದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಮತ್ತೆ ಬರೆದಳು:

"ರಾತ್ರಿ 8.10. ಕ್ರಿಕೆಟ್ ಕೊನೆಯ ಓವರ್. ನಾನು ಟಿವಿ ಆಫ್ ಮಾಡಿದೆ. ಸ. ರಿಮೋಟ್ ಎಸೆದ, ಯಾರಿಗೂ ತಗಲಲಿಲ್ಲ. ಆಫ್ ಮಾಡುತ್ತೇನೆ ಅಂತ ನಾನು ಮುಂಚೆ ಹೇಳಿರಲಿಲ್ಲ."