ಬಿಸಿಲಿನ ಪಾಲೆಷ್ಟು, ಕ್ಷಾರದ ಪಾಲೆಷ್ಟು?

ನೀರಿನ ಬಾಟಲಿಗಳ ಪಿಇಟಿ ಪ್ಲಾಸ್ಟಿಕ್ಕನ್ನು ಬಿಸಿಲಿನ ಬಲದಿಂದ ಒಡೆದು ಫಾರ್ಮಿಕ್ ಆಮ್ಲದಂಥ ರಾಸಾಯನಿಕ ಮತ್ತು ಜಲಜನಕವನ್ನು ಪಡೆಯುವುದು ನಮ್ಮ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಇದಕ್ಕೆ ಬೆಳಕನ್ನು ಹೀರುವ ವೇಗವರ್ಧಕ ಬೇಕು. ಎಲ್ಲರಿಗೂ ಪರಿಚಿತವಾದ ಟೈಟಾನಿಯಂ ಡೈಆಕ್ಸೈಡ್ ಅತಿನೇರಳೆ ಕಿರಣಗಳನ್ನಷ್ಟೇ ಹೀರುತ್ತದೆ. ಬಿಸಿಲಿನಲ್ಲಿ ಅವುಗಳ ಪಾಲು ಶೇ. 5ರ ಆಸುಪಾಸು. ಹಾಗಾಗಿ ನೀಲಿ ಬೆಳಕನ್ನೂ ಹೀರಬಲ್ಲ ಕಾರ್ಬನ್ ನೈಟ್ರೈಡ್ ಆರಿಸಿಕೊಂಡೆ. ಮುಚ್ಚಿದ ಮೂಸೆಯಲ್ಲಿ ಯೂರಿಯಾವನ್ನು 550 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅಮೋನಿಯಾ ಹೊರಟುಹೋಗಿ, ತಳದಲ್ಲಿ ಕಾರ್ಬನ್ ನೈಟ್ರೈಡ್‌ನ ತಿಳಿಹಳದಿ ಪುಡಿ ಉಳಿಯುತ್ತದೆ. ಮೂಸೆ ತುಂಬ ಯೂರಿಯಾ ಹಾಕಿದರೂ ಕೈಗೆ ಸಿಗುವುದು ಚಿಟಿಕೆಯಷ್ಟು. ಅದರ ಮೇಲೆ ನಿಕ್ಕಲ್ ಫಾಸ್ಫೈಡ್ ಕೂರಿಸಿದರೆ ಜಲಜನಕ ಬಿಡುಗಡೆಗೆ ಪ್ಲಾಟಿನಂ ಬೇಕಿಲ್ಲ. ಈ ಜೋಡಿಯನ್ನು 2019ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಎರ್ವಿನ್ ರೈಸ್ನರ್ ಅವರ ತಂಡ ತೋರಿಸಿಕೊಟ್ಟಿತ್ತು.

ಬಾಟಲಿಯನ್ನು ಕತ್ತರಿಸಿ ನೀರಿಗೆ ಹಾಕಿದರೆ ಪಿಇಟಿ ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ತೇಲಿದ್ದನ್ನು ತೆಗೆದುಬಿಡುತ್ತೇನೆ, ಅದರ ಇಂಗಾಲದ ಸರಪಳಿಯನ್ನು ಕ್ಷಾರ ಮುಟ್ಟುವುದಿಲ್ಲ. ಪಿಇಟಿಯ ತುಣುಕುಗಳನ್ನು ಜೋಡಿಸಿರುವ ಎಸ್ಟರ್ ಬಂಧ ಮಾತ್ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ದ್ರಾವಣದಲ್ಲಿ ಮೆಲ್ಲಗೆ ಬಿಡಿಸಿಕೊಂಡು, ಪ್ಲಾಸ್ಟಿಕ್ಕು ಟೆರೆಥಾಲೇಟ್ (ಟೆರೆಥಾಲಿಕ್ ಆಮ್ಲದ ಲವಣರೂಪ) ಮತ್ತು ಎಥಿಲೀನ್ ಗ್ಲೈಕಾಲ್ ಆಗುತ್ತದೆ. ಪುಡಿಯಾಗಿ ಅರೆದಷ್ಟೂ ಬೇಗ. ಆ ದ್ರಾವಣಕ್ಕೆ ವೇಗವರ್ಧಕ ಬೆರೆಸಿ, ಸಾರಜನಕ ಹಾಯಿಸಿ ಆಮ್ಲಜನಕವನ್ನು ಓಡಿಸಿ, ಗಾಜಿನ ಸೀಸೆಗಳ ಬಾಯಿ ಬಿಗಿದು ತಾರಸಿಯ ಬಿಸಿಲಿಗಿಡುತ್ತೇನೆ.

ಪ್ರತಿ ಸಲವೂ ಒಂದು ಸೀಸೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಪಕ್ಕದಲ್ಲೇ ಇಡುವುದು ನನಗೆ ಕಟ್ಟುನಿಟ್ಟಿನ ನಿಯಮ. ಕತ್ತಲೆಯಲ್ಲೂ ಕ್ಷಾರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಆ ಸೀಸೆ ಇಲ್ಲದಿದ್ದರೆ ಕ್ಷಾರದ ದುಡಿಮೆಯೂ ಬಿಸಿಲಿನ ಹೆಸರಿಗೆ ಜಮೆಯಾಗಿಬಿಡುತ್ತದೆ.

ನನಗೆ ಅತ್ಯಂತ ಇಷ್ಟವಾದ ಘಟ್ಟ ಎನ್‌ಎಂಆರ್ ಪರೀಕ್ಷೆ. ಕಾಂತಕ್ಷೇತ್ರದಲ್ಲಿಟ್ಟ ದ್ರವದಲ್ಲಿನ ವಸ್ತುಗಳು ಇದರ ನಕ್ಷೆಯ ಅಳತೆಪಟ್ಟಿಯಲ್ಲಿ ತಂತಮ್ಮ ಜಾಗದಲ್ಲಿ ಶಿಖರಗಳಾಗಿ ಕಾಣುತ್ತವೆ. ಬಿಸಿಲಿನ ಸೀಸೆಯ ದ್ರವದಲ್ಲಿ ಗ್ಲೈಕಾಲ್‌ನ 3.6ರ ಶಿಖರ ತಗ್ಗುತ್ತದೆ, 8.4ರ ಹತ್ತಿರ ಫಾರ್ಮೇಟ್‌ನ (ಕ್ಷಾರದಲ್ಲಿ ಫಾರ್ಮಿಕ್ ಆಮ್ಲದ ರೂಪ) ಒಂಟಿ ಶಿಖರ ಮೇಲೇಳುತ್ತದೆ. ಕತ್ತಲೆಯ ಸೀಸೆಯಲ್ಲಿ ಆ ಶಿಖರವಿಲ್ಲ. ಟೆರೆಥಾಲೇಟ್‌ನದು ಎರಡರಲ್ಲೂ ಅಲುಗುವುದಿಲ್ಲ. ಅಂದರೆ ಬಿಸಿಲು ಬದಲಾಯಿಸಿದ್ದು ಗ್ಲೈಕಾಲ್ ಭಾಗವನ್ನು ಮಾತ್ರ. ಪ್ಲಾಸ್ಟಿಕ್ಕಿನ ತೂಕದಲ್ಲಿ ದೊಡ್ಡ ಪಾಲಾದ ಟೆರೆಥಾಲಿಕ್ ಆಮ್ಲವನ್ನು ಕೊನೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಹನಿಸಿ ಪಡೆಯುತ್ತೇನೆ: ತಿಳಿ ದ್ರವ ಒಮ್ಮೆಲೇ ಹಾಲುಗಟ್ಟಿ, ಬಿಳಿ ಗಷ್ಟು ತಳಕ್ಕಿಳಿಯುತ್ತದೆ. ಸೋಸಿ ತೊಳೆದರೆ ಅದು ಮತ್ತೆ ಪಿಇಟಿ ತಯಾರಿಕೆಗೆ ಒದಗುವ ಕಚ್ಚಾ ವಸ್ತು.

ಆದರೆ ಹೀಗೆ ಆಮ್ಲ ಹನಿಸಿದಾಗ ಕ್ಷಾರವೆಲ್ಲ ಉಪ್ಪಾಗುತ್ತದೆ. ಈ ವಿಧಾನ ಪ್ರಯೋಗಾಲಯ ದಾಟದಿರಲು ಜಲಜನಕದ ಪ್ರಮಾಣಕ್ಕಿಂತ ಈ ಉಪ್ಪುನೀರೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ. ಕ್ಷಾರವನ್ನು ಕಡಿಮೆ ಮಾಡಿದರೆ ಪಿಇಟಿ ಕರಗುವುದು ನಿಧಾನವಾಗುತ್ತದೆ, ಹೆಚ್ಚಿಸಿದರೆ ಉಪ್ಪು ಹೆಚ್ಚುತ್ತದೆ. ಈಗ ವೇಗವರ್ಧಕದ ಪುಡಿಯನ್ನು ಗಾಜಿನ ಹಲಗೆಗೆ ಅಂಟಿಸಿ, ತೆಳು ಕ್ಷಾರದ ದ್ರಾವಣವನ್ನೇ ಅದರ ಮೇಲೆ ಮತ್ತೆ ಮತ್ತೆ ಹರಿಸಿ ನೋಡುತ್ತಿದ್ದೇನೆ. ಪಕ್ಕದಲ್ಲಿ ಹಾಳೆ ಹೊದಿಸಿದ ಇನ್ನೊಂದು ಹಲಗೆಯೂ ಇದೆ.